ಕಂಬಳಿಯ ಮೇಲಿನ ಜಾಗ

ತಮಿಳು ಸೀಮೆಯ ಕಂಬದ ಕಣಿವೆಯಲ್ಲಿ ಆ ವರ್ಷ ಬೇಸಿಗೆಯಲ್ಲೂ ನದಿ ಹರಿಯಿತು. ಬೆಟ್ಟ ಕೊರೆದು ಮಲೆಯಾಚೆಯ ನೀರನ್ನು ಈಚೆಗೆ ತಂದಿದ್ದರು. ಮುಂಜಾವಿನಲ್ಲಿ ಮಂಜು ನೀರಿನ ಮೇಲೆ ಮಲಗಿರುತ್ತಿತ್ತು. ದಡದಲ್ಲಿ ನಿಂತವರಿಗೆ ತಮ್ಮ ಊರೇ ಇನ್ನಾರದೋ ಕನಸಿನೊಳಗೆ ಹೋಗಿ ಕೂತಂತೆ ತೋರುತ್ತಿತ್ತು.

ಅಲ್ಲಿನ ಕನ್ನಡದ ಒಕ್ಕಲುಗಳಿಗೆ ದೇವರ ಮಂದೆಯೊಂದಿತ್ತು. ಅದರ ಹಾಲು ಮಾರುವಂತಿಲ್ಲ, ಹೋರಿಗಳಿಗೆ ನೊಗ ಹೂಡುವಂತಿಲ್ಲ. ಸತ್ತ ಹಸುವನ್ನು ಅರಿಸಿನ ಹಚ್ಚಿ ಮಣ್ಣು ಮಾಡಬೇಕು. ತೊಗಲಿನ ವಸ್ತು ಮಂದೆಯ ಯಾವ ದನದ ಮೈಯನ್ನೂ ಸೋಕಕೂಡದು. ಮಂದೆಗೆ ಮುಂದಾಳು ಪಟ್ಟದ ಹೋರಿ. ಮಂದೆಯ ಕೋಲು ಹಿಡಿದ ಹಿರಿಯ ಪೆರಿಯಣ್ಣನ್. ಅವನ ಒಬ್ಬನೇ ಮಗ ಬೆಟ್ಟದ ಮೇಲೆ ಅಣೆಕಟ್ಟಿನ ಕೆಲಸಕ್ಕೆ ಹೋಗಿ ಜ್ವರದಲ್ಲಿ ತೀರಿಕೊಂಡಿದ್ದ. ಯಾರೋ ಕೂಲಿಗಳು ದೇಹವನ್ನು ಹೊತ್ತು ತಂದು, ಊರ ಗಡಿಯ ಹುಣಸೆಯ ಕೆಳಗೆ ಮಲಗಿಸಿ, ಹೆಸರು ಹೇಳದೆ ಹೋಗಿದ್ದರು. ಮನೆಯಲ್ಲಿ ಉಳಿದವರು ಅವನು ಮತ್ತು ಸೊಸೆ ಪಾಂಡಿಯಮ್ಮಾಳ್.

ಬೇಸಿಗೆಯಲ್ಲಿ ಮಂದೆ ನದಿಯ ಒಣ ಮರಳು ದಾಟಿ ಆಚೆಯ ಹುಲ್ಲಿಗೆ ಹೋಗುವುದು ಅಜ್ಜಂದಿರ ಕಾಲದ ದಾರಿ. ನೀರು ಬಂದ ಮೇಲೂ ಆ ದಾರಿ ಬಿಡಬೇಕೆಂದು ಯಾರಿಗೂ ತೋರಲಿಲ್ಲ. ಪಟ್ಟದ ಹೋರಿ ನಡುನದಿಯ ಕೆಸರಿನಲ್ಲಿ ಎದೆಯವರೆಗೆ ಹೂತುಹೋಯಿತು. ದನಗಾಹಿಗಳು ಊರಿನತ್ತ ಓಡಿದರು. ಜನರನ್ನು ಕರೆತರುವಷ್ಟರಲ್ಲಿ ಹೋರಿ ದಡದ ಮೇಲೆ ನಡುಗುತ್ತಾ ನಿಂತಿತ್ತು. ಅದರ ಕೊರಳಲ್ಲಿ ಮಿಣಿ, ತೊಗಲಿನ ಹಗ್ಗ. ಮಿಣಿಯ ತುದಿ ಹಿಡಿದು ನಿಂತವನು ಬಾವಿಯಿಂದ ನೀರೆತ್ತುವ ತೊಗಲು ಬಾನಿ ಹೊಲಿಯುವ ಕರುಪ್ಪಯ್ಯ.

ಚರ್ಮದ ಆಸೆಗೆ ಅವನು ದೇವರ ಹೋರಿಯ ಕುತ್ತಿಗೆ ಬಿಗಿದನೆಂದು ಊರು ನಂಬಿತು.

ಮರುದಿನ ಸಂಜೆ ಬೇವಿನ ಮರದಡಿ ಕಂಬಳಿ ಹಾಸಿ, ಅದರ ಮೇಲೆ ತುಂಬಿದ ಕಳಶವಿಟ್ಟು ಕುಲದವರು ಕೂತರು. ಕಂಬಳಿಯ ಮುಂದೆ ಹೆಂಗಸು ಮಾತಾಡಬೇಕಾದರೆ ಕುಲದ ಗಂಡಸೊಬ್ಬ ಅವಳ ಪಕ್ಕದಲ್ಲಿ ಕೂರಬೇಕು. ಅವಳಿಗೆ ಬಂದ ಶಿಕ್ಷೆ ಅವನಿಗೂ ಸಲ್ಲುತ್ತದೆ. ಅದು ಅವರ ಕಟ್ಟಳೆ.

"ಗುಡಿಸ್ಲು ಕಿತ್ತು ಸಂಸಾರ ಸಮೇತ ಓಡಿಸ್ಬೇಕು," ಎಂದ ಪೆರಿಯಣ್ಣನ ದಾಯಾದಿ ಚಿನ್ನತಂಬಿ. "ದಿಂಡುಕ್ಕಲ್‌ಗೆ ಹೋಗ್ಲಿ. ಅಲ್ಲಿ ತೊಗಲ್ ಹದ ಮಾಡೋ ಕೆಲ್ಸ-ವೇಲೆ ಬೇಕಾದಷ್ಟ್ ಐತೆ."

ಬೇಲಿಯಾಚೆ ನಿಂತಿದ್ದ ಕರುಪ್ಪಯ್ಯ ಕೈಮುಗಿದ. "ಸಾಮಿ, ಹೋರಿ ಮುಳುಗ್ತಿತ್ತು. ಕೈಲಿದ್ದದ್ದು ಆ ಮಿಣಿ ಒಂದೇ."

"ಒಬ್ಬನೇ ಎಳೆದ್ಯಾ? ಅಡೇ, ನೀನೇನ್ ಭೀಮನಾ?" ಎಂದ ಚಿನ್ನತಂಬಿ.

ಜನ ನಕ್ಕರು. ಕರುಪ್ಪಯ್ಯ ನೆಲ ನೋಡಿದ.

ಹೆಂಗಸರ ಗುಂಪಿನಿಂದ ಪಾಂಡಿಯಮ್ಮಾಳ್ ಮುಂದೆ ಬಂದಳು. "ಒಬ್ಬನೇ ಅಲ್ಲ. ನಾನೂ ಎಳ್ದೆ."

ಚಿನ್ನತಂಬಿ ಅವಳತ್ತ ತಿರುಗಿದ.

"ಅದೇ ಮಿಣೀನಾ?"

"ಆಮಾ, ಅದೇ ಮಿಣಿ. ಮುಂದೆ ಅವ, ಹಿಂದೆ ನಾ. ಕೊರಳು ಒತ್ಬಾರ್ದು ಅಂತ ಸೆರಗು ಹರ್ದು ಸುತ್ತಿದ್ದೂ ನಾನೇ. ನೀವ್ ಬರೋ ಮುಂಚೆ ಅವನೇ ನನ್ನ ಮನೆಗ್ ಕಳ್ಸಿದ. ನನ್ ಮಾನ ಹೋಗ್ತದೆ ಅಂತ ಈಗ್ಲೂ ಬಾಯ್ ಬಿಡ್ತಿಲ್ಲ."

ಚಿನ್ನತಂಬಿ ದನಿ ತಗ್ಗಿಸಿದ. "ಪೊಣ್ಣೆ, ನಿನ್ ಪಕ್ಕ ಯಾರೂ ಕೂತಿಲ್ಲ. ನೀ ಹೇಳಿದ್ದು ನಾವ್ ಕೇಳೇ ಇಲ್ಲ. ಮನೆಗೆ ಹೋಗು."

"ಚಿಕ್ಕಮಾವ, ಕಥೆ ಹೇಳೋವಾಗ ಮೀಸೆ ತಿರುವ್ತೀಯಲ್ಲಾ! ಒಂದ್ ಹೆಣ್ಣಿನ ಮಾನಕ್ಕೆ ಮುತ್ತಜ್ಜಂದ್ರು ಕತ್ತಿ ಹಿಡ್ದು, ನಾಡೇ ಬಿಟ್ಟು ಬಂದ್ರು ಅಂತ. ಕುದ್ರೆ ಮೇಲೆ ಬಂದವ್ರ ಮೊಮ್ಮಕ್ಳಿಗೆ ನೆಲದ್ ಮೇಲೆ ಕೂರೋಕ್ ಆಗಲ್ವಾ?"

ಯಾರೂ ಏಳಲಿಲ್ಲ. ಬೆಟ್ಟದ ನೆರಳು ಮೆಲ್ಲಗೆ ಕಂಬಳಿಯ ಮೇಲೆ ಬಂತು. ಕಳಶದ ಬಳಿ ಕೂತಿದ್ದ ಪೆರಿಯಣ್ಣನ್ ಕಣ್ಣು ಮುಚ್ಚಿದ. ಚಿಕ್ಕಂದಿನಿಂದ ಕೇಳಿದ ಆ ಸವಾರರು ಹೊಗೆಯಂತೆ ಸಾಲಾಗಿ ಬಂದರು. ಅವರ ಕೈಯಲ್ಲಿ ಕತ್ತಿಯಿರಲಿಲ್ಲ. ಕುದುರೆಗಳೂ ಇರಲಿಲ್ಲ. ಮುಖವಿಲ್ಲದ ನಾಲ್ವರು ಕೂಲಿಗಳು ಅವನ ಮಗನನ್ನು ಹೊತ್ತು, ಕಲ್ಲು ಎಡವದಂತೆ ಜತನದಿಂದ ಇಳಿಯುತ್ತಿದ್ದರು. ಆ ಕೈಗಳು ತಣ್ಣಗಿರಲೆಂದು ಅವನು ದಿನವೂ ದೇವರಲ್ಲಿ ಬೇಡುತ್ತಿದ್ದ. ಯಾವ ಕುಲದ ಕೈಗಳೆಂದು ದೇವರು ಒಮ್ಮೆಯೂ ಕೇಳಿರಲಿಲ್ಲ.

ಅವನು ಎದ್ದ. ಮಂದೆಯ ಕೋಲನ್ನು ಕಳಶದ ಪಕ್ಕ ಇಟ್ಟು, ಬಂದು ಸೊಸೆಯ ಬದಿಯಲ್ಲಿ ಕೂತ.

"ಅಣ್ಣಾ, ಎದ್ದೇಳು! ಕೋಲು ಹೋಗ್ತದೆ. ಕುಲಾನೂ ಹೋಗ್ತದೆ."

"ಗೊತ್ತು ತಂಬಿ. ಈಗ ಅವಳ ಮಾತು ಕೇಳು."

ಕೇಳಲೇಬೇಕಾಯಿತು. ಕರುಪ್ಪಯ್ಯನ ಗುಡಿಸಿಲು ಉಳಿಯಿತು. ಪರಕುಲದವನೊಡನೆ ಒಂದೇ ಮಿಣಿ ಹಿಡಿದದ್ದಕ್ಕೆ ಪಾಂಡಿಯಮ್ಮಾಳಿಗೂ, ಅವಳ ಪಕ್ಕ ಕೂತ ಮಾವನಿಗೂ ಕುಲದ ಬಹಿಷ್ಕಾರ ಬಿತ್ತು; ಬೆಂಕಿ, ನೀರು ನಿಂತವು. ಮಂದೆಯ ಕೋಲು ಚಿನ್ನತಂಬಿಯ ಕೈಸೇರಿತು.

ಇಬ್ಬರೂ ಮನೆಗೆ ನಡೆದರು. ದಾರಿಯುದ್ದಕ್ಕೂ ಬಾಗಿಲುಗಳು ಮುಚ್ಚಿಕೊಂಡವು. ಹೊಸಿಲಲ್ಲಿ ಅವಳು ನಿಂತಳು.

"ಮಾವ, ನಾ ಸುಮ್ನಿದ್ದಿದ್ರೆ..."

"ಇದ್ದಿದ್ರೆ ಕರುಪ್ಪಯ್ಯನ ಮಕ್ಳು ಈ ಹೊತ್ತು ದಿಂಡುಕ್ಕಲ್ ದಾರೀಲಿ ಅಳ್ತಾ ನಡೀತಿದ್ವು." ಅವನು ಕಾಲು ತೊಳೆದು ಒಳಗೆ ಬಂದು ಗೋಡೆಗೆ ಒರಗಿದ. "ಸೋರು ಬಡ್ಸು ತಾಯಿ. ಹಸಿತಾ ಐತೆ."

ಮಗ ಹೋದಂದಿನಿಂದ ಅವನು ಬಾಯಿಬಿಟ್ಟು ಕೇಳಿ ಉಂಡದ್ದಿಲ್ಲ. ಪಾಂಡಿಯಮ್ಮಾಳ್ ಎಲೆ ಹಾಸಿದಳು.