ವ್ಯತ್ಯಾಸ ಯಾವ ಕಡೆಗೆ

ಹುಣಸೂರಿನ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಕಡ್ಲೆಪುರಿ ಮಾರುವ ಕುಳ್ಳಮ್ಮನಿಗೆ ಸಿಟ್ಟು ಬರುವುದಿಲ್ಲ ಎಂದು ಊರೆಲ್ಲ ನಂಬಿತ್ತು. ನಂಬುವುದಕ್ಕೆ ಕಾರಣವೂ ಇತ್ತು ಅನ್ನಿ. ಇಪ್ಪತ್ತೆಂಟು ವರ್ಷದಿಂದ ಅದೇ ಮಣೆಯ ಮೇಲೆ ಕೂತು ಪುರಿ ಅಳೆದವಳು. ಹರಕು ನೋಟು ಕೊಟ್ಟವರಿಗಾಗಲಿ, ಒಂದು ಹಿಡಿ ಬಾಯಿಗೆ ಹಾಕಿಕೊಂಡು "ಮೆತ್ತಗಾಗೈತೆ" ಎಂದು ಕೊಳ್ಳದೆ ಹೋದವರಿಗಾಗಲಿ ಒಂದು ಮಾತು ಅಂದವಳಲ್ಲ. ಹಾಗೆಂದು ಅವಳಿಗೆ ಸಿಟ್ಟೇ ಇರಲಿಲ್ಲವೆಂದಲ್ಲ. ಅದು ಎಲ್ಲೋ ಒಳಗೆ ಬಿದ್ದುಕೊಂಡಿತ್ತು. ಅದನ್ನು ಎಬ್ಬಿಸಿದ್ದು ಬೇರೆ ಯಾರೂ ಅಲ್ಲ, ಅವಳ ಸ್ವಂತ ಸಂಘ.

ಚಿಲ್ಲರೆ ವರ್ತಕರ ರಾಜ್ಯ ಮಹಾಸಂಘ ಅಂತ ಅದರ ಹೆಸರು. ಅದರ ತಾಲ್ಲೂಕು ಅಧ್ಯಕ್ಷ ಚನ್ನಬಸವಣ್ಣ, ಸಗಟು ಬೇಳೆ ಅಂಗಡಿಯವರು. ಸುಮ್ಮನೆ ದೂರುವುದು ಬೇಡ, ಮೂರು ವರ್ಷದ ಹಿಂದೆ ಚರಂಡಿ ಅಗಲ ಮಾಡಲು ಜೆಸಿಬಿ ಬಂದು ಕುಳ್ಳಮ್ಮನ ತಗಡಿನ ಮಾಡಿಗೆ ಕೈ ಹಾಕಿದಾಗ, ಬಿಳಿ ಅಂಗಿ ತೊಟ್ಟುಕೊಂಡೇ ಕೆಸರಿಗಿಳಿದು ಅಡ್ಡ ನಿಂತವರು ಇದೇ ಚನ್ನಬಸವಣ್ಣ. "ನಮ್ಮ ಸದಸ್ಯರ ಅಂಗಡಿ ಮುಟ್ಟಬೇಕಾದ್ರೆ ನನ್ ಮ್ಯಾಲೆ ಅತ್ತುಸ್ಕಂಡು ಓಗಿ" ಅಂದಿದ್ದರು. ಮಾಡು ಉಳಿಯಿತು. ಅಂದಿನಿಂದ ಸಂಘದ ಬಿಲ್ಲೆಯನ್ನು ಕುಳ್ಳಮ್ಮ ದೇವರ ಪಟದ ಪಕ್ಕದಲ್ಲೇ ತೂಗುಹಾಕಿದ್ದಳು, ದಿನಾ ಅದಕ್ಕೂ ಒಂದು ಊದುಬತ್ತಿ.

ಹೋದ ತಿಂಗಳು ತೂಕ-ಅಳತೆಯ ಇನ್ಸ್‌ಪೆಕ್ಟರು ಬಂದರು. ಬೀದಿಯುದ್ದಕ್ಕೂ ತಕ್ಕಡಿ ನೋಡುತ್ತ ಬಂದವರು ಕುಳ್ಳಮ್ಮನ ಹಿತ್ತಾಳೆ ಸೇರನ್ನು ಕೈಗೆತ್ತಿಕೊಂಡರು. ಅವಳ ಅತ್ತೆಯ ಕಾಲದ ಸೇರು ಅದು. ಸರ್ಕಾರ ಲೀಟರು ತಂದು ಎಷ್ಟು ವರ್ಷವಾದರೂ ಆ ಬೀದಿಯಲ್ಲಿ ಪುರಿಯನ್ನು ಲೀಟರಿನ ದರಕ್ಕೇ ಸೇರಿನಲ್ಲಿ ಅಳೆಯುತ್ತಿದ್ದರು, ಕೇಳುವವರೂ "ಎರಡು ಸೇರು ಆಕವ್ವ" ಅಂತಲೇ ಕೇಳುತ್ತಿದ್ದರು. ಇನ್ಸ್‌ಪೆಕ್ಟರು ಅದರ ತಳ ತಿರುಗಿಸಿ ನೋಡಿದರು, ಮುದ್ರೆ ಇರಲಿಲ್ಲ. ನೀರು ತುಂಬಿ ತಮ್ಮ ಅಳತೆಗೆ ಸುರಿದು ಏನೋ ಬರೆದುಕೊಂಡರು. ಸೇರನ್ನು ಚೀಲಕ್ಕೆ ಹಾಕಿಕೊಂಡು, ಕಚೇರಿಗೆ ಬಂದು ದಂಡ ಕಟ್ಟಿ ಎಂದು ಹೇಳಿ ಹೋದರು. ಕಾನೂನು ಅದು, ಅವರ ಕೆಲಸ ಅವರು ಮಾಡಿದರು. ಕುಳ್ಳಮ್ಮನಿಗೆ ಅವರ ಮೇಲೆ ಸಿಟ್ಟೇನೂ ಬರಲಿಲ್ಲ.

ಸಂಜೆಗೆ ಚನ್ನಬಸವಣ್ಣ ತಾವಾಗಿ ಅಂಗಡಿಗೆ ಬಂದರು.

"ಎದ್ರುಕೋಬ್ಯಾಡಿ ಅಕ್ಕ, ಸಂಘ ಐತೆ. ಒಂದು ಸೈನ್ ಆಕ್ಬುಡಿ, ಮಿಕ್ಕಿದ್ದು ನಾನು ನೋಡ್ಕತೀನಿ."

ನಾಲ್ಕನೇ ಕ್ಲಾಸಿನವರೆಗೆ ಓದಿದವಳು ಕುಳ್ಳಮ್ಮ, ಅವರು ತಂದಿದ್ದ ದಂಡದ ಕಾಗದದ ಮೇಲೆ ಕಣ್ಣಾಡಿಸಿದಳು. 'ಮುದ್ರೆ ಇಲ್ಲದ ಅಳತೆ, ಅಳತೆಯಲ್ಲಿ ವ್ಯತ್ಯಾಸ' ಎಂದಿತ್ತು. ವ್ಯತ್ಯಾಸ ಎನ್ನುವ ಪದದ ಮೇಲೆ ಬೆರಳಿಟ್ಟಳು. ಕೇಳೋಣವೆಂದುಕೊಂಡಳು. ಕೆಸರಿನಲ್ಲಿ ನಿಂತಿದ್ದ ಬಿಳಿ ಅಂಗಿ ಕಣ್ಣ ಮುಂದೆ ಬಂದು, ಸುಮ್ಮನೆ ಸೈನ್ ಮಾಡಿದಳು. ದಂಡ ಕಟ್ಟಿದ್ದಾಯಿತು. ಸಂಘದ ಶಿಬಿರದಲ್ಲೇ ಮುದ್ರೆ ಹಾಕಿದ ಹೊಸ ಲೀಟರು ಸಿಕ್ಕಿತು, ಹೊಳೆಯುವ ಸ್ಟೀಲಿನದು. ಅಲ್ಲಿಗೆ ಮುಗಿಯಿತು ಎಂದುಕೊಂಡಳು.

ಮುಗಿದಿರಲಿಲ್ಲ. ಎರಡು ದಿನ ಕಳೆದ ಮೇಲೆ ಸೊಸೆ ಪವಿತ್ರಾ ಫೋನು ಹಿಡಿದುಕೊಂಡು ಅಂಗಡಿಗೆ ಬಂದಳು, ಮುಖ ಸಪ್ಪಗಿತ್ತು. ಸಂಘದ ವಾಟ್ಸಾಪ್ ಗುಂಪಿನಲ್ಲಿ ಐದು ಫೋಟೋ ಬಂದಿದ್ದವು. 'ಅಳತೆಯಲ್ಲಿ ಮೋಸ ಮಾಡುತ್ತಿದ್ದ ಐವರು ಸದಸ್ಯರ ವಿರುದ್ಧ ಸಂಘದಿಂದ ಶಿಸ್ತು ಕ್ರಮ.' ಮೊದಲ ಫೋಟೋ ಕುಳ್ಳಮ್ಮನದು, ಸದಸ್ಯತ್ವದ ಕಾರ್ಡಿಗೆಂದು ಮದುವೆ ಸೀರೆ ಉಟ್ಟು ತೆಗೆಸಿಕೊಂಡದ್ದು. ಮಿಕ್ಕ ನಾಲ್ವರೂ ಹೂವಿನ ರಾಣಿಯಂಥ ಬುಟ್ಟಿಯವರು, ತಳ್ಳುಗಾಡಿಯವರು. ಐವರಲ್ಲಿ ಒಬ್ಬರ ಅಂಗಡಿಗೂ ಶಟರ್ ಇರಲಿಲ್ಲ.

ಕುಳ್ಳಮ್ಮ ಚನ್ನಬಸವಣ್ಣನವರ ಬೇಳೆ ಮಂಡಿಗೆ ಹೋಗಿ ಕೇಳಿದಳು. "ಅಯ್ಯೋ ಬುಡಿ ಅಕ್ಕ, ನಾಕ್ ದಿನ ಮಾತಾಡ್ತಾರೆ, ಆಮ್ಯಾಕೆ ಯಾರು ನೆಪ್ಪು ಮಡಿಕತಾರೆ" ಎಂದು ಟೀ ತರಿಸಿದರು. ಅವಳು ಟೀ ಕುಡಿದು ವಾಪಸ್ಸು ಬಂದಳು. ಆಗಲೂ ಸಿಟ್ಟು ಬರಲಿಲ್ಲ, ನಾಚಿಕೆ ಬಂತು. ನೋಡಿ, ಅದೇ ಅನ್ಯಾಯ! ಸುಳ್ಳು ಬರೆದವರು ಟೀ ಕುಡಿಸುತ್ತಾರೆ, ಬರೆಸಿಕೊಂಡವಳು ಸೆರಗು ಹೊದ್ದು ತಲೆ ತಗ್ಗಿಸಿ ನಡೆಯುತ್ತಾಳೆ.

ಆ ಫೋಟೋ ಆಟೋದವರ ಗುಂಪಿಗೆ ಹೋಯಿತು, ಜೀಪಿನವರ ಗುಂಪಿಗೆ ಹೋಯಿತು. ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗುವ ಕಾಡಂಚಿನ ಗಿರಿಜನ ಹಾಡಿಗಳ ಹೆಂಗಸರು ಬೆಳಿಗ್ಗೆ ಜೀಪು ಹತ್ತುವ ಮುಂಚೆ ಕುಳ್ಳಮ್ಮನ ಹತ್ತಿರ ಪುರಿ ಕಟ್ಟಿಸಿಕೊಳ್ಳುತ್ತಿದ್ದರು. ಆ ವಾರ ಅವರಲ್ಲಿ ಅರ್ಧ ಜನ ಎದುರಿನ ಅಂಗಡಿಗೆ ಹೋದರು. ಬಂದವರು ಬಾಯಲ್ಲಿ ಏನೂ ಅನ್ನಲಿಲ್ಲ. ಆದರೆ ಮಾತಾಡುತ್ತ ಆಕಡೆ ಈಕಡೆ ನೋಡುತ್ತಿದ್ದವರು ಈಗ ಅಳತೆಯ ಮೇಲಿಟ್ಟ ಕಣ್ಣು ತೆಗೆಯುತ್ತಿರಲಿಲ್ಲ. ಬೈದಿದ್ದರೂ ವಾಸಿಯಿತ್ತು. ಆ ಕಣ್ಣುಗಳ ಮುಂದೆ ಕುಳ್ಳಮ್ಮ ಲೀಟರು ಹಿಡಿದರೆ ನಾಲ್ಕು ಪುರಿ ಕೆಳಗೆ ಚೆಲ್ಲುತ್ತಿದ್ದವು.

ಗುರುವಾರ ಹಾಡಿಯ ಕೆಂಚಿ ಬಂದಳು. ಇಪ್ಪತ್ತು ವರ್ಷದ ಗಿರಾಕಿ. ಗಂಡ ತೀರಿಕೊಂಡ ವಾರ ಕೂಡ ಕುಳ್ಳಮ್ಮನ ಮಣೆಯ ಪಕ್ಕ ಕೂತು ಅತ್ತು ಹೋದವಳು. ತನ್ನ ಬಟ್ಟೆಚೀಲ ಬಿಚ್ಚಿ ಹಿಡಿದಳು. ಕುಳ್ಳಮ್ಮ ಮೂರು ಸಲ ಅಳೆದು ಹಾಕಿದಳು. ಕೆಂಚಿ ಚೀಲವನ್ನು ಕೊಡವಿ, ಒಳಗೆ ಬೆರಳಿಟ್ಟು ನೋಡಿದಳು.

"ಅಕ್ಕ, ಮೂರು ಸೇರಿಗೆ ಈ ಚೀಲ ಬಾಯಿ ಒಲಿಗೆ ಗಂಟ ತುಂಬೋದು. ಈಗ ಮೂರು ಬೆಟ್ಟು ಕೆಳೀಕೆ ನಿಂತದೆ."

"ಸರ್ಕಾರದ ಮುದ್ರೆ ಲೀಟ್ರು ಕಣವ್ವ ಇದು."

"ಇರ್ಬೋದು. ಜೀಪ್ನೋನು ಫೋನ್ನಾಗೆ ನಿನ್ ಪೋಟೋ ತೋರ್ಸ್ದಾಗ ನಾನು ಅವನಿಗೆ ಬೈದೆ. ನಮ್ ಅಕ್ಕ ಅಂತೋಳಲ್ಲ ಕಣ್ಲಾ ಅಂದೆ." ಕೆಂಚಿ ಚೀಲದ ಬಾಯಿ ಕಟ್ಟುತ್ತ ತಲೆ ಎತ್ತಲಿಲ್ಲ. "ಬೈಬಾರ್ದಾಗಿತ್ತು."

ಜೀಪು ಹೊರಟುಹೋಯಿತು. ಕುಳ್ಳಮ್ಮ ಲೀಟರನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಮೊದಲು ಅಳು ಬಂತು, ಆಮೇಲೆ ಲೆಕ್ಕ ಬಂತು. ಹೊಸ ಲೀಟರಿನಲ್ಲಿ ಪುರಿ ಕಡಿಮೆ ಬೀಳುತ್ತದೆ ಎಂದರೆ ಹಳೇ ಸೇರಿನಲ್ಲಿ ಜಾಸ್ತಿ ಬೀಳುತ್ತಿತ್ತು. ಅತ್ತೆ ಇದ್ದಾಗಿನಿಂದ, ತಾನು ಮಣೆಗೆ ಬಂದಾಗಿನಿಂದ, ಗೊತ್ತಿಲ್ಲದೆ ಎಲ್ಲರಿಗೂ ಜಾಸ್ತಿಯೇ ಕೊಡುತ್ತ ಬಂದಿದ್ದಾಳೆ. ಜಾಸ್ತಿ ಕೊಟ್ಟವಳು ಕಳ್ಳಿ ಹೇಗಾದಳು? ಅಂಗಾಲಿನಿಂದ ನೆತ್ತಿಯವರೆಗೆ ಮೈ ಉರಿಯಿತು. ಐವತ್ತೆರಡು ವರ್ಷದಲ್ಲಿ ಮೊದಲ ಸಲ ಕುಳ್ಳಮ್ಮನಿಗೆ ಸಿಟ್ಟು ಬಂತು, ಬಂದದ್ದು ಇಳಿಯಲಿಲ್ಲ.

"ಪವಿತ್ರಾ, ಇನ್ಸ್‌ಪೆಕ್ಟ್ರು ಆವತ್ತು ನೀರು ಉಯ್ದು ಬರಕಂಡ್ರಲ್ಲ, ಅದರ ಜೆರಾಕ್ಸ್ ಬೇಕು. ಓಗು."

ಪವಿತ್ರಾ ಕಚೇರಿಗೆ ಹೋಗಿ ಅರ್ಜಿ ಕೊಟ್ಟಳು. ಇನ್ಸ್‌ಪೆಕ್ಟರು ಹತ್ತು ನಿಮಿಷದಲ್ಲಿ ಪ್ರತಿ ತೆಗೆಸಿ ಕೊಟ್ಟರು. ಇದರ ಒಂದು ಪ್ರತಿ ನಿಮ್ಮ ಅಧ್ಯಕ್ಷರ ಹತ್ತಿರವೂ ಇದೆಯಲ್ಲ, ಎಂದರಂತೆ. ಇರಬೇಕಾದ್ದು ಸಾವಿರ ಮಿಲಿಲೀಟರ್. ಕಂಡದ್ದು ಸಾವಿರದ ನೂರಹತ್ತು. ವ್ಯತ್ಯಾಸ ಎಂಬ ಕಡೆ ನೂರಹತ್ತರ ಮುಂದೆ ಒಂದು ಪ್ಲಸ್ ಚಿಹ್ನೆ ಇತ್ತು, ನೀಲಿ ಇಂಕಿನಲ್ಲಿ, ಒತ್ತಿ ಬರೆದದ್ದು.

ಆ ಭಾನುವಾರವೇ ಹುಣಸೂರಿನ ಕಲ್ಯಾಣ ಮಂಟಪವೊಂದರಲ್ಲಿ ಸಂಘದ ಸಮಾವೇಶ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಎಲ್ಲ ಕಡೆಯಿಂದ ವರ್ತಕರು ಬಂದಿದ್ದರು. 'ಸಣ್ಣ ವರ್ತಕರ ಬೆನ್ನಿಗೆ ನಾವು' ಎಂದು ವೇದಿಕೆಯಗಲ ಬ್ಯಾನರು. ಬೆಂಗಳೂರಿನಿಂದ ಬಂದಿದ್ದ ರಾಜ್ಯ ಕಾರ್ಯದರ್ಶಿ ಮಹೇಶ್ಕುಮಾರ್ ಮುಕ್ಕಾಲು ಗಂಟೆ ಮಾತಾಡಿದರು. ಆನ್‌ಲೈನ್ ಕಂಪನಿಗಳ ವಿರುದ್ಧ ಹೋರಾಟ, ಅಂಗಡಿಗೆ ವಿಮೆ, ಹೆಂಗಸರಿಗೆ ತರಬೇತಿ. ಎಲ್ಲವೂ ಬೊಗಳೆಯಲ್ಲ. ಪಿರಿಯಾಪಟ್ಟಣದಲ್ಲಿ ಬೆಂಕಿಗೆ ಹೋದ ಒಂದು ಬೇಕರಿಗೆ ಇದೇ ಸಂಘ ವಿಮೆ ಕೊಡಿಸಿತ್ತು, ಆ ಬೇಕರಿಯವನು ಮುಂದಿನ ಸಾಲಿನಲ್ಲೇ ಕೂತಿದ್ದ. ಹಾಗಿರುವುದರಿಂದಲೇ ಕುಳ್ಳಮ್ಮನ ಸಿಟ್ಟು ಇನ್ನಷ್ಟು ಏರಿತು. ಕೆಟ್ಟವರೇ ಆಗಿದ್ದರೆ ಒಂದು ಸಲ ಉಗಿದು ಮನೆಗೆ ಹೋಗಬಹುದಿತ್ತು.

ಕೊನೆಗೆ 'ಗ್ರಾಹಕ ವಿಶ್ವಾಸ ಫಲಕ' ಕೊಡುವ ಹೊತ್ತು ಬಂತು. "ತಪ್ಪು ಮಾಡಿದವರನ್ನು ನಮ್ಮವರೆಂದು ಮುಚ್ಚಿಡದೆ ಕ್ರಮ ಕೈಗೊಂಡ ಹುಣಸೂರು ಘಟಕಕ್ಕೆ" ಎಂದು ಮಹೇಶ್ಕುಮಾರ್ ಹೇಳುತ್ತಿದ್ದಂತೆ ಚನ್ನಬಸವಣ್ಣ ಎದ್ದು ಅಂಗಿ ಸರಿಮಾಡಿಕೊಂಡರು. ಅಷ್ಟರಲ್ಲಿ ಕುಳ್ಳಮ್ಮ ವೇದಿಕೆಯ ಮೆಟ್ಟಿಲು ಹತ್ತಿ ಆಗಿತ್ತು.

"ಸ್ವಾಮಿ, ಇದೊಂದು ಕಾಗ್ದ ಓದಿ."

ಮಹೇಶ್ಕುಮಾರ್ ಯಾವುದೋ ಸಾಲದ ಅರ್ಜಿಯೆಂದು ನಗುತ್ತಲೇ ತೆಗೆದುಕೊಂಡರು. ಓದಿ, ಇನ್ನೊಮ್ಮೆ ಓದಿದರು. "ಇದು ಹೆಚ್ಚಿದೆಯಲ್ಲಮ್ಮ. ನೂರಹತ್ತು ಹೆಚ್ಚು."

"ಅದೇ ಸ್ವಾಮಿ. ವ್ಯತ್ಯಾಸ ಯಾವ ಕಡೀಕೆ ಅನ್ನೋದನ್ನ ಮೈಕ್ನಾಗೆ ಏಳಿ. ಎಲ್ರಿಗೂ ಕೇಳ್ಸ್ಲಿ."

"ನೋಡಿ ಅಮ್ಮ, ಕಾನೂನಿನ ಪ್ರಕಾರ ಅಳತೆ ಹೆಚ್ಚಿದ್ದರೂ ತಪ್ಪೇ."

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕುಳ್ಳಮ್ಮ ಆ ಕಡೆ ನೋಡಲಿಲ್ಲ.

"ತಪ್ಪು ಅಂದ್ರಿ, ದಂಡ ಕಟ್ದೆ. ನಾನು ಕಟ್ಟಿದ್ದು ಮುದ್ರೆ ಇಲ್ದೆ ಇದ್ದ ತಪ್ಪಿಗೆ, ಮೋಸಕ್ಕಲ್ಲ. ಮೋಸ ಅಂತ ಬರ್ದೋರು ಯಾರು?"

ಚನ್ನಬಸವಣ್ಣ ಓಡಿಬಂದು ಅವಳ ಪಕ್ಕ ನಿಂತರು. ದನಿ ತಗ್ಗಿಸಿ, ಜೆಸಿಬಿಯ ದಿನ ಮಾತಾಡಿದಷ್ಟೇ ಅಕ್ಕರೆಯಿಂದ ಹೇಳಿದರು. "ಅಕ್ಕ, ಮರ್ವಾದೆ ಪ್ರಶ್ನೆ. ಇಳೀರಿ ಕೆಳೀಕೆ, ಆಮ್ಯಾಕೆ ಕೂತು ಮಾತಾಡನ."

"ಇದ್ರಾಗೆ ಪ್ಲಸ್ ಇರೋದು ನಿಮ್ಗೆ ಗೊತ್ತಿತ್ತಾ ಅಣ್ಣ?"

ಅವರು ಮಹೇಶ್ಕುಮಾರ್ ಕಡೆ ನೋಡಿದರು.

"ಗೊತ್ತಿತ್ತಾ?"

"ಗೊತ್ತಿತ್ತಕ್ಕ." ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು. "ಸ್ಟೇಟ್ ಆಫೀಸ್ನೋರು ಫಲಕಕ್ಕೆ ಐದು ಹೆಸ್ರು ಬೇಕು ಅಂದ್ರು. ಐದಿಲ್ದೆ ನಮ್ ತಾಲ್ಲೂಕು ಲೆಕ್ಕಕ್ಕೇ ಬರ್ತಿರ್ಲಿಲ್ಲ. ದೊಡ್ ಅಂಗ್ಡಿಯೋರ್ದು ಆಕುದ್ರೆ ಸಂಘ ಒಡ್ದೋಯ್ತದೆ. ನಿಮ್ಗೆ ಸಿಟ್ಟು ಬರಕಿಲ್ಲ ಅಂತ..."

ಅವರು ಇದನ್ನು ಹೇಳಿದ್ದು ನಾಚಿಕೆಯಿಂದಲ್ಲ, ಅವಳಿಗೆ ಅರ್ಥವಾಗುತ್ತದೆ ಎಂಬ ಭರವಸೆಯಿಂದ. ಮನೆಯವರ ಹತ್ತಿರ ಕಷ್ಟ ಹೇಳಿಕೊಳ್ಳುತ್ತಾರಲ್ಲ, ಹಾಗೆ. ಅದನ್ನು ಕುಳ್ಳಮ್ಮನಿಗೆ ತಡೆಯಲಾಗಲಿಲ್ಲ. ಇಪ್ಪತ್ತೆಂಟು ವರ್ಷ ಚನ್ನಬಸವಣ್ಣನವರನ್ನು ಬಹುವಚನದಲ್ಲಿ ಕರೆದಿದ್ದ ಬಾಯಿ ಅಲ್ಲೇ ತಿರುಗಿತು.

"ನಂಗೆ ಸಿಟ್ಟು ಬರಕಿಲ್ಲ ಅಂತ ನಿಂಗೆ ಯಾರ್ಲಾ ಏಳಿದ್ದು?"

ಅಧ್ಯಕ್ಷರನ್ನು ಆ ಮಾತಿನಲ್ಲಿ ಕರೆದವರು ಆ ತಾಲ್ಲೂಕಿನಲ್ಲೇ ಇರಲಿಲ್ಲ. ಕುಳ್ಳಮ್ಮ ಮಹೇಶ್ಕುಮಾರರ ಕೈಯಿಂದ ಕಾಗದ ತೆಗೆದುಕೊಂಡಳು, ಮೈಕಿನ ಮುಂದೆ ನಿಂತಳು, ಮೇಲಿನ ಕಚೇರಿಯ ಹೆಸರಿನಿಂದ ಕೆಳಗಿನ ಸೈನಿನವರೆಗೆ ಓದಿದಳು. ಅಕ್ಷರ ಕೂಡಿಸಿ ಕೂಡಿಸಿ ಓದುವವಳು, ತಡವಾಯಿತು. ಎಲ್ಲೋ ತಪ್ಪಿತು, ಹಿಂದೆ ಹೋಗಿ ಮತ್ತೆ ಓದಿದಳು. ಪ್ಲಸ್ ಬಂದಾಗ ಎರಡು ಸಲ ಓದಿದಳು. ಊಟದ ಹಾಲ್‌ನಲ್ಲಿ ಎಲೆ ಹಾಕುವ ಸದ್ದೂ ನಿಂತಿತ್ತು.

"ಈಗ ಫೋನ್ ತಗಿ" ಎಂದಳು ಚನ್ನಬಸವಣ್ಣನ ಕಡೆ ತಿರುಗಿ. "ಮೋಸ ಅಂತ ಯಾವ ಗುಂಪ್ನಾಗೆ ಆಕಿದ್ದೋ, ಅಲ್ಲೇ ಬರಿ. ಕುಳ್ಳಮ್ಮ ಜಾಸ್ತಿ ಕೊಡ್ತಿದ್ಲು, ನಾವು ಸುಳ್ಳು ಬರ್ದೋ ಅಂತ."

"ಸಮಿತಿ ಮುಂದೆ ಇಟ್ಟು..." ಎಂದು ಮಹೇಶ್ಕುಮಾರ್ ಬಾಯಿ ತೆರೆದರು.

"ನನ್ ಪೋಟೋ ಆಕುವಾಗ ಸಮಿತಿ ಮುಂದೆ ಇಟ್ಟಿದ್ರಾ ಸ್ವಾಮಿ?"

ಚನ್ನಬಸವಣ್ಣ ಸಭೆಯನ್ನೊಮ್ಮೆ ನೋಡಿದರು. ಯಾರಾದರೂ ಎದ್ದು ಅವಳನ್ನು ಇಳಿಸಿಯಾರು ಎಂದು ಕಾದರೇನೋ. ಬೇಕರಿಯವನು ನೆಲ ನೋಡುತ್ತ ಕೂತಿದ್ದ. ಹಿಂದಿನ ಸಾಲುಗಳಲ್ಲಿ ಗಾಡಿಯವರು, ಬುಟ್ಟಿಯವರು ಎದ್ದು ನಿಂತು ನೋಡುತ್ತಿದ್ದರು. ಚನ್ನಬಸವಣ್ಣ ಫೋನು ತೆಗೆದು ಬೆರಳಾಡಿಸತೊಡಗಿದರು. ಬರೆದದ್ದನ್ನು ಕುಳ್ಳಮ್ಮ ಇಣುಕಿ ಓದಿ, 'ತಪ್ಪು ಮಾಹಿತಿಯಿಂದಾಗಿ' ಎಂಬುದನ್ನು ಅಳಿಸಿಸಿದಳು. 'ಗೊತ್ತಿದ್ದೂ' ಎಂದು ಬರೆಸಿದಳು. ಅವರು ಒತ್ತಿದರು. ಮಂಟಪದ ತುಂಬ ಮುನ್ನೂರು ಫೋನುಗಳು ಒಂದರ ಹಿಂದೊಂದು ಟಿಂಗ್ ಟಿಂಗ್ ಎಂದವು.

"ಆಯ್ತಲ್ಲಮ್ಮ" ಎಂದರು ಮಹೇಶ್ಕುಮಾರ್, ಉಸಿರು ಬಿಟ್ಟು. "ಬನ್ನಿ, ಎಲ್ಲರೂ ಊಟಕ್ಕೆ ಹೋಗೋಣ."

ಅವಳ ಕೆಲಸ ಮುಗಿದಿತ್ತು, ಹೋಗಬಹುದಾಗಿತ್ತು. ಆದರೆ ಬಂದ ಸಿಟ್ಟು ಅವಳೊಬ್ಬಳ ಹೆಸರಿಗೆ ಸಾಕಾಗಲಿಲ್ಲ. ಕುಳ್ಳಮ್ಮ ಮುಖ್ಯ ಅತಿಥಿಗಳ ಸಾಲಿನಿಂದ ಒಂದು ಕುರ್ಚಿ ಎಳೆದು ಮೈಕಿನ ಪಕ್ಕಕ್ಕೆ ಹಾಕಿಕೊಂಡು ಚನ್ನಬಸವಣ್ಣನಿಗೆ ಎದುರಾಗಿ ಕೂತಳು.

"ಇನ್ನಾ ನಾಕು ಹೆಸ್ರು ಅವೆ. ಎರಡ್ನೇದು ಹೂವಿನ ರಾಣಿದು. ಅವಳು ಮೊಳ ಅಳೆಯೋದು ಅವಳ ಕೈಯಲ್ಲಿ. ಆ ಕೈಯಲ್ಲಿ ಏನು ವ್ಯತ್ಯಾಸ ಕಂಡೆ ಅಂತ ಓದು, ಕೇಳ್ತೀನಿ."