ದೊಡ್ಡ ಪರದೆ ಕಂಡ ಆಟದ ಕತ್ತಿ

ನಾನು ಹುಟ್ಟಿದ ದಿನ ಬೆಳಗಿನಲ್ಲಿ ಮೂಡಗಾಳಿ ಬಿಟ್ಟಿತ್ತು. ಇಬ್ಬನಿಗೆ ಇದ್ದಿಲೆಲ್ಲ ತೇವವಾಗಿತ್ತು. ಕಮ್ಮಾರ ಮೌನೇಶಪ್ಪ ಕುಲುಮೆಗೆ ಕೈಮುಗಿದು, ಮುರಿದ ಲಾರಿಯ ಕಮಾನುಪಟ್ಟಿಯೊಂದನ್ನು ಬೆಂಕಿಗೆ ತಳ್ಳಿದ. ಅದೇ ನಾನು. ಕೆಂಪಗೆ ಕಾಯಿಸಿ, ಬಡಿದು, ನೀರಿಗೆ ಅದ್ದಿದಾಗ ಚೀರಿದೆ. "ಚೀರು, ಚೀರು," ಎಂದ ಅವನು. "ಇನ್ನ ಮುಂದ ನೀ ಚೀರಂಗಿಲ್ಲ, ಮಂದಿ ಚೀರ್ತಾರ."

ನಾನು ದೊಡ್ಡಾಟದ ಕತ್ತಿ. ಹರಿತವಿಲ್ಲದ ಕತ್ತಿ. ಕೊಪ್ಪಳದ ಕಡೆಯ ಮೇಳದಲ್ಲಿ ಮೊದಲು ಹಿರಿಯ ವೇಷಧಾರಿಯೊಬ್ಬ ನನ್ನನ್ನು ಹಿಡಿದ. ಅವನ ಮೊಣಕಾಲು ಸೋತ ಮೇಲೆ ಗವಿಸಿದ್ದಪ್ಪನ ಕೈಗೆ ಬಂದೆ. ಅವನು ರಾಜ. ಎದುರಿಗೆ ರಾಕ್ಷಸ, ಕಂಬಳಿ ನೇಯುವ ದ್ಯಾಮಣ್ಣ. ಹದಿನೆಂಟು ವರ್ಷ ದ್ಯಾಮಣ್ಣನ ಕೊರಳು ಕಡಿದಿದ್ದೇನೆ. ಮದ್ದಳೆಯ ಪೆಟ್ಟಿಗೆ ನಾನು ಇಳಿಯುತ್ತೇನೆ, ಅದೇ ಪೆಟ್ಟಿಗೆ ಅವನು ಬಾಗುತ್ತಾನೆ, ನಾನು ಗಾಳಿ ಕಡಿಯುತ್ತೇನೆ. ಆಟ ಮುಗಿದು ಮಂಗಳ ಹಾಡುವ ಹೊತ್ತಿಗೆ ಸತ್ತವನು ಎದ್ದು, ಕೊಂದವನ ಕೈಯಿಂದ ನನ್ನನ್ನು ತೆಗೆದುಕೊಂಡು, ಅವನ ಕೊರಳಿಗೆ ಒಮ್ಮೆ ಮುಟ್ಟಿಸುತ್ತಾನೆ. ಏಟು ಮರಳಿಸುವುದು ಎನ್ನುತ್ತಾರೆ ಅದಕ್ಕೆ. ಮರಳಿಸಿದರೆ ಪಾಪ ದೇವರ ಪಾದಕ್ಕೆ; ಇಲ್ಲದಿದ್ದರೆ ಕೊಂದವನ ಮನೆಗೆ.

ಒಂದು ದಿನ ಸಿನಿಮಾದವರು ಬಂದರು. ಯುದ್ಧದ ಚಿತ್ರ; ಮೇಳದವರಿಗೇ ಯೋಧರ ಪಾತ್ರ ಕೊಟ್ಟರು. ಕೊರಳಿನ ಬದಲು ಇಟ್ಟ ಬಾಳೆದಿಂಡು ಒಂದೇ ಏಟಿಗೆ ತುಂಡಾಗಬೇಕೆಂದು ನನ್ನನ್ನು ಸಾಣೆಗೆ ಹಿಡಿದರು. ಮೊದಲ ಸಲ ನಾನು ಹರಿತವಾದೆ. ಬಯಲಲ್ಲಿ ಇನ್ನೂರು ಜನ, ಕುದುರೆ, ಧೂಳು, ಹೊಗೆ. ಇಲ್ಲದ್ದು ಒಂದೇ, ಮದ್ದಳೆ. ಯಾರೋ "ಆ್ಯಕ್ಷನ್" ಎಂದು ಕೂಗಿದರು. ಗವಿಸಿದ್ದಪ್ಪ, ದ್ಯಾಮಣ್ಣ ಇಬ್ಬರೂ ತಮ್ಮ ತಮ್ಮ ಎದೆಯೊಳಗಿನ ಪೆಟ್ಟು ಎಣಿಸಿಕೊಂಡು ನುಗ್ಗಿದರು. ನಾನು ಇಳಿದೆ. ಗಾಳಿ ಇರಬೇಕಾದಲ್ಲಿ ಮೂಳೆ ಸಿಕ್ಕಿತು. ದ್ಯಾಮಣ್ಣನ ಬಲಗೈಯ ಎರಡು ಬೆರಳು ಧೂಳಿಗೆ ಬಿದ್ದವು. ಬಾಳೆದಿಂಡಿಗೂ ಬೆರಳಿಗೂ ನನ್ನ ಅಲಗಿಗೆ ಭೇದ ತಿಳಿಯಲಿಲ್ಲ.

ಆಸ್ಪತ್ರೆಯ ಅಂಗಳದಲ್ಲಿ ಗವಿಸಿದ್ದಪ್ಪ ನನ್ನನ್ನು ಎರಡೂ ಕೈಯಲ್ಲಿ ಒಡ್ಡಿ ಕೂತ. "ಏಟು ಮರಳಸೋ ಯಣ್ಣಾ."

"ದೂರ ಇಡು ಅದನ್ನ," ಎಂದ ದ್ಯಾಮಣ್ಣ. "ನೀ ನೋಡಿ ನೋಡಿನ ಹೊಡದಿ. ನನ್ನ ಕೈಗೆ ಬಂದ್ರ ಮುಟ್ಟಸಂಗಿಲ್ಲ ಸಿದ್ದಾ, ಕಡಿತೀನಿ."

ದ್ಯಾಮಣ್ಣನ ಮಗ್ಗ ನಿಂತಿತು. ಗವಿಸಿದ್ದಪ್ಪ ಮತ್ತೆ ಬಣ್ಣ ಹಚ್ಚಲಿಲ್ಲ. ಪಾಪದ ಕೈಯೆಂದು ದೇವರ ಮುಂದೆ ದೀಪ ಹಚ್ಚುವುದನ್ನೂ ಹೆಂಡತಿಗೆ ಬಿಟ್ಟ. ನನ್ನ ಹರಿತವನ್ನು ಬಂಡೆಗೆ ತಿಕ್ಕಿ ತಿಕ್ಕಿ ಕೊಂದ.

ವರ್ಷದ ಮೇಲೆ ಚಿತ್ರ ಬಿಡುಗಡೆಯಾಯಿತು. ಮೊದಲ ಆಟಕ್ಕೆ ಮೇಳದವರನ್ನೆಲ್ಲ ವೇಷ ಸಮೇತ ಬೆಂಗಳೂರಿಗೆ, ದೈತ್ಯಪರದೆಯ ಚಿತ್ರಮಂದಿರಕ್ಕೆ ಕರೆಸಿದರು. ದ್ಯಾಮಣ್ಣನೂ ಬಂದ. ಗವಿಸಿದ್ದಪ್ಪ ಬಣ್ಣವಿಲ್ಲದೆ, ನನ್ನನ್ನಷ್ಟೇ ಹಿಡಿದು ಬಂದ. ಬಾಗಿಲಲ್ಲಿ ಕಾವಲಿನ ಹೆಂಗಸು ತಡೆದಳು.

"ಅಯ್ಯೋ, ಇದೇನ್ ಯಜಮಾನ್ರೇ? ಇಲ್ಲಿ ನೀರಿನ ಬಾಟ್ಲೇ ಬಿಡಲ್ಲ, ನೀವು ಕತ್ತಿ ತಂದಿದ್ದೀರಾ!"

"ಆಟದ್ದವ್ವಾ. ಬೆಣ್ಣೀನೂ ಕೊಯ್ಯಂಗಿಲ್ಲ."

ಆಕೆ ಹೆಬ್ಬೆರಳಿನಿಂದ ನನ್ನ ಅಂಚು ಸವರಿ, ನಕ್ಕು, ಒಳಗೆ ಬಿಟ್ಟಳು.

ಪರದೆ ಗುಡ್ಡದಷ್ಟು ಎತ್ತರ. ಯುದ್ಧ ಶುರುವಾದಾಗ ಕುದುರೆಯ ಗೊರಸು ಎದೆಯನ್ನೇ ತುಳಿದಂತೆ ಕುರ್ಚಿಗಳು ನಡುಗಿದವು. ರುಂಡಗಳು ಉರುಳಿದವು. ಆಮೇಲೆ ನಾನೇ ಬಂದೆ, ಮೂರಂತಸ್ತಿನ ಮನೆಯಷ್ಟು ಉದ್ದವಾಗಿ, ಬಹಳ ನಿಧಾನವಾಗಿ. ಆ ನಿಜದ ಏಟನ್ನೇ ಚಿತ್ರದಲ್ಲಿ ಉಳಿಸಿಕೊಂಡಿದ್ದರು. ಗವಿಸಿದ್ದಪ್ಪನ ಮಣಿಕಟ್ಟು ಏಟು ತಪ್ಪಿಸಲು ಹೊರಕ್ಕೆ ತಿರುಗಿ ನನ್ನನ್ನು ಪಕ್ಕಕ್ಕೆ ಎಳೆಯುತ್ತಿತ್ತು. ದ್ಯಾಮಣ್ಣನ ಕೊರಳು ಬಾಗದೆ ಕಾಯುತ್ತಿತ್ತು, ಬಾರದ ಮದ್ದಳೆಗೆ. ಕೊನೆಗೆ ಬೆದರಿದ ಕೈ ತಾನೇ ಎದ್ದು ನನ್ನ ದಾರಿಗೆ ಬಂತು. ರಕ್ತ ಪರದೆಯ ತುಂಬ ಚಿಮ್ಮಿತು. ನಿಜವಾದ ರಕ್ತವೆಂದು ತಿಳಿಯದ ಜನ ಸಿಳ್ಳೆ ಹೊಡೆದರು.

ಎರಡು ಕುರ್ಚಿ ಆಚೆ ದ್ಯಾಮಣ್ಣ ತನ್ನ ಮೊಂಡು ಬೆರಳುಗಳನ್ನು ನೋಡಿಕೊಂಡ. "ಕೈ ನಾನ ಒಡ್ಡೀನಿ," ಎಂದ, ತನಗೇ ಎಂಬಂತೆ.

ದೀಪ ಹೊತ್ತಿ ಜನ ಕರಗಿದ ಮೇಲೆ ಅವನು ಎದ್ದು ಬಂದ. ಮುಖದಲ್ಲಿ ರಾಕ್ಷಸನ ಬಣ್ಣ. "ಸಿದ್ದಾ, ಕತ್ತಿ ತಾ."

ಗವಿಸಿದ್ದಪ್ಪ ನನ್ನನ್ನು ಕೊಟ್ಟು, ಕಣ್ಣು ಮುಚ್ಚಿ ಕೊರಳು ಬಾಗಿಸಿದ.

ಕಸ ಗುಡಿಸಲು ಬಂದಾಕೆ ಗಕ್ಕನೆ ನಿಂತಳು. "ಅಣ್ಣಾ, ಏನ್ ಮಾಡ್ತಿದ್ದೀರಾ!"

ನನಗೆ ಹರಿತವಿರಲಿಲ್ಲ, ನಿಜ. ಆದರೆ ಕಬ್ಬಿಣಕ್ಕೆ ಭಾರವಿದೆ. ಸಿಟ್ಟಿನಿಂದ ಇಳಿದರೆ ಮೂಳೆ ಮುರಿಯುತ್ತದೆ. ಅಷ್ಟು ವರ್ಷ ಕೊಂದರೂ ಹೆದರದವನು ಅಂದು ಹೆದರಿದೆ. ಈಗ ಮೇಳದ ಪೆಟ್ಟಿಗೆಯಲ್ಲಿ ತುಕ್ಕು ಹಿಡಿದು ಮಲಗಿ ನೆನೆದರೂ ಆ ಭಯ ಮೈಗೆ ತಾಗುತ್ತದೆ. ಕಡಿಯುವುದೂ ಕಾಯುವುದೂ ಕತ್ತಿಯ ಕೈಯಲ್ಲಿಲ್ಲ, ದೇವರೇ.

ಮೂರು ಬೆರಳು ನನ್ನನ್ನು ಮೇಲೆತ್ತಿದವು, ಇಳಿಸಿದವು. ನಾನು ಕೊರಳಿಗೆ ಮೆಲ್ಲಗೆ ತಾಗಿದೆ. ಬೆವರಿನ ಬಿಸಿಯಷ್ಟೇ ಹತ್ತಿತು.

ದ್ಯಾಮಣ್ಣ ನನ್ನನ್ನು ತಿರುಗಿಸಿ, ಹಿಡಿಯ ಕಡೆಯಿಂದ, ಗವಿಸಿದ್ದಪ್ಪನ ಕೈಗಿಟ್ಟ.