ಫೂಂಗ್ ಅವರ ಆರನೆಯ ತಟ್ಟೆ

ಯೋಕ್ ಸಿಮ್‌ಗೆ ಇನ್ನೊಂದು ಮೂಗು ಇರಲಿಲ್ಲ. ಅವಳ ಸಂಶೋಧನೆಗೆ ಕ್ವಾಲಾಲಂಪುರದ ಆಸ್ಪತ್ರೆಯಿಂದ ವರ್ಷವಿಡೀ ಸಿಕ್ಕಿದ್ದು ಒಂದೇ ಮೂಗಿನ ಹಿಂಬದಿಯ, ಉಗುರಿನಷ್ಟು ಒಳಪೊರೆ. ಅದು ಪುಡು ಮಾರುಕಟ್ಟೆಯಲ್ಲಿ ಉಪ್ಪುಮೀನು ಮಾರುವ ಫೂಂಗ್ ಅವರದು. ಸೈನಸ್ ಆಪರೇಷನ್ನಿಗೆ ಬಂದಿದ್ದ ಅವರು ಒಪ್ಪಿಗೆ ಪತ್ರಕ್ಕೆ ರುಜು ಹಾಕುತ್ತ, "ನಮ್ಮಣ್ಣ ಮೂಗಿನ ಕ್ಯಾನ್ಸರಲ್ಲೇ ಹೋದ. ತಗೊಳ್ಳಮ್ಮ. ಹೆಂಗೂ ನನ್ನ ಮೂಗಿಗೆ ಮೀನು ಬಿಟ್ರೆ ಬೇರೇನೂ ಗೊತ್ತಾಗಲ್ಲ" ಎಂದಿದ್ದರು.

ಆ ಚೂರಿನಿಂದ ಲ್ಯಾಬಿನಲ್ಲಿ ಆರು ತಟ್ಟೆ ಜೀವಕೋಶಗಳು ಬೆಳೆದವು. ಕೆಲವು ವಾರ ಹೆಚ್ಚಿ ಆಮೇಲೆ ತಾವಾಗಿ ನಿಂತುಹೋಗುವಂಥವು. ಅಷ್ಟರೊಳಗೆ, ಈ ಕ್ಯಾನ್ಸರಿಗೆ ದಾರಿ ಮಾಡುವ ಎಪ್‌ಸ್ಟೈನ್-ಬಾರ್ ವೈರಸ್ ಅವುಗಳೊಳಗೆ ಹೊಕ್ಕಿದ್ದನ್ನು ಅವಳು ತೋರಿಸಬೇಕಿತ್ತು. ಹೆಚ್ಚುಕಡಿಮೆ ಎಲ್ಲರ ರಕ್ತದ ಬಿಳಿಕಣಗಳಲ್ಲೂ ತಣ್ಣಗೆ ಮಲಗಿರುವ ಈ ವೈರಸ್ ಮೂಗಿನ ಪೊರೆಗೆ ದಾಟುವುದು ಹೇಗೆ? ದಾರಿ ಗೊತ್ತಾದರೆ ಬೇಲಿ ಹಾಕಬಹುದು. ವೈರಸ್ ಹೊಕ್ಕ ಕೋಶ ಸೂಕ್ಷ್ಮದರ್ಶಕದಲ್ಲಿ ಹಸಿರಾಗಿ ಹೊಳೆಯುವಂತೆ ಮೊದಲೇ ಏರ್ಪಾಡು ಮಾಡಿದ್ದರು.

ಐದು ತಟ್ಟೆಗಳು ಹೊಳೆಯಲಿಲ್ಲ. ಪ್ರತಿ ಸಲವೂ ಅವಳು ಸೋಂಕು ತಗುಲಿದ ಬಿಳಿಕಣಗಳಿಂದ ವೈರಸ್ ಬಿಡಿಸಿ, ಒಂದು ಕಣವೂ ಉಳಿಯದಂತೆ ಸಣ್ಣ ಜರಡಿಯಲ್ಲಿ ಸೋಸಿ, ಆ ತಿಳಿಯನ್ನು ತಟ್ಟೆಗೆ ಸುರಿದಿದ್ದಳು.

ಆರನೆಯದಕ್ಕೆ ಸುರಿದ ಮೇಲೆ ನೋಡಿದರೆ ಸೋಸಿದ ಕೊಳವೆ ಇನ್ನೂ ಐಸಿನಲ್ಲೇ ಇತ್ತು; ಸುರಿದದ್ದು ಸೋಸದೆ ಉಳಿದಿದ್ದನ್ನು.

"ಮಾರ್ತಿನಾ ಅಕ್ಕ, ಹೋಯ್ತು. ಕೊನೇದೂ ಹಾಳ್ಮಾಡ್ದೆ. ಬಿಳಿಕಣ ಎಲ್ಲ ಬಂದು ಮೇಲೆ ಕೂತಿವೆ."

ಮಾರ್ತಿನಾ ಆ ಲ್ಯಾಬಿನ ಹಳೆಯ ಟೆಕ್ನಿಷಿಯನ್, ಸರವಾಕ್ ಕಡೆಯ ಬಿದಾಯು ಬುಡಕಟ್ಟಿನ ಹೆಂಗಸು. ತಟ್ಟೆ ಬಗ್ಗಿಸಲು ಹೋದವಳ ಮಣಿಕಟ್ಟು ಹಿಡಿದಳು.

"ಕೂತಿರ್ಲಿ ಬಿಡೇ. ಐದು ಸಲ ಸೋಸಿ ಏನ್ ಕಡಿದು ಕಟ್ಟೆ ಹಾಕ್ದೆ?"

"ಪ್ರೊಫೆಸರ್ ಬೈತಾರೆ."

"ಅದು ಹೆಂಗೂ ಇದ್ದಿದ್ದೇ. ನಮ್ಮೂರಲ್ಲಿ ಸುಗ್ಗಿ ಹಬ್ಬಕ್ಕೆ ಬಂದೋರನ್ನ ಪಕ್ಕದಲ್ಲಿ ಕೂರಿಸ್ಕೊಂಡೇ ಅಕ್ಕಿ ಹೆಂಡದ ಲೋಟ ಕೊಡೋದು. ಬಾಗಿಲಿಂದ ಎರಚಲ್ಲ. ಎರಡು ದಿನ ಮುಟ್ಟಬೇಡ."

ಎರಡು ದಿನದ ಮೇಲೆ ತಟ್ಟೆ ತುಂಬ ಹಸಿರು. ಯೋಕ್ ಸಿಮ್ ನಗಲಿಲ್ಲ. ಹೊಳೆಯುತ್ತಿದ್ದ ದುಂಡನೆಯವು ಬಿಳಿಕಣಗಳು. ಅವುಗಳಲ್ಲಿ ವೈರಸ್ ಮೊದಲೇ ಇತ್ತು. ಅವಳು ಮೂರು ಸಲ ಜಾಲಿಸಿದಳು. ದುಂಡನೆಯವು ತೊಳೆದುಹೋಗಿ ತಟ್ಟೆ ಕಪ್ಪಾಯಿತು.

"ನೋಡ್ದ್ಯಾ ಅಕ್ಕ" ಎಂದು ಕುರ್ಚಿ ಹಿಂದಕ್ಕೆ ತಳ್ಳಿದಳು.

ಮಾರ್ತಿನಾ ಕೂತು ಸೂಕ್ಷ್ಮದರ್ಶಕ ತಿರುಗಿಸಿದಳು. "ಅಂಚಲ್ಲಿ ನೋಡೇ. ಇಷ್ಟು ಅವಸರ ಇದ್ರೆ ಬಸ್ ಓಡ್ಸೋಕೆ ಹೋಗ್ಬೇಕಿತ್ತು ನೀನು."

ಅಂಚಿನಲ್ಲಿ ಚಪ್ಪಟೆ ಕೋಶಗಳು, ನೆಲಹಾಸಿನ ಕಲ್ಲುಗಳಂತೆ ತಟ್ಟೆಗೆ ಅಂಟಿಕೊಂಡವು. ಅವುಗಳಲ್ಲಿ ಹನ್ನೊಂದು ಹಸಿರಾಗಿದ್ದವು. ಮತ್ತೊಮ್ಮೆ ಜಾಲಿಸಿ ಎಣಿಸಿದಳು. ಹನ್ನೊಂದೇ. ವೈರಸ್ ನೀರಿನಲ್ಲಿ ತೇಲಿ ಬಂದಿರಲಿಲ್ಲ, ಬಿಳಿಕಣಗಳು ಮೈಗೆ ಮೈ ತಾಗಿಸಿದಾಗ ದಾಟಿತ್ತು. ಇಷ್ಟು ದಿನ ಅವಳು ದಾಟಿಸುವವರನ್ನೇ ಸೋಸಿ ಎಸೆದಿದ್ದಳು.

ಪ್ರೊಫೆಸರ್ ಮೊದಲು ಬೈದರು. ಆಮೇಲೆ ಬಗ್ಗಿ ತುಂಬ ಹೊತ್ತು ನೋಡಿದರು.

"ಒಂದು ತಟ್ಟೆ ಸಾಕಾಗಲ್ಲ. ಇದೇ ತಪ್ಪನ್ನ ಇನ್ನು ಮೂರು ಸಲ ಮಾಡು. ಮೂಗಿಗೆ ನಾನೇ ಆಸ್ಪತ್ರೆಗೆ ಹೇಳ್ತೀನಿ."

ಯೋಕ್ ಸಿಮ್ ಪುಡು ಮಾರುಕಟ್ಟೆಗೆ ಫೋನ್ ಮಾಡಿದಳು. "ಅಂಕಲ್, ನಿಮ್ಮ ಮೂಗು ಕೆಲಸಕ್ಕೆ ಬಂತು."

"ನನಗೆ ಬರ್ಲಿಲ್ವಲ್ಲ, ನಿನಗಾದ್ರೂ ಬರ್ಲಿ" ಎಂದರು ಫೂಂಗ್. "ಇನ್ನೊಂದು ಹೊಳ್ಳೆ ಇದೆ, ಬೇಕಾದ್ರೆ ಹೇಳು."

ಆ ಹನ್ನೊಂದು ಕೋಶಗಳಿಗಾಗಿ ಹೋದದ್ದು ಐದು ತಟ್ಟೆ, ಆರು ಜರಡಿ, ಆರು ವಾರ.